ಮಳೆಯೋ ಮೊಳೆಯೋ

"ಮೊಳೆ ಅಲ್ಲ ಸರ್, ಮಳೆ!" ಎಂದು ಕಂಡಕ್ಟರ್ ನಕ್ಕ. ಅವನ ಹಿಂದೆಯೇ ಇಡೀ ಬಸ್ಸು ನಕ್ಕಿತು.

ಚೆಕಿಂಗ್‌ನವನು ಕೈಯಲ್ಲಿದ್ದ ಟಿಕೆಟ್ಟಿನ ಮೇಲೆ ಗೀಟು ಹಾಕುವುದನ್ನು ಅರ್ಧಕ್ಕೇ ನಿಲ್ಲಿಸಿದ. ಆಗಿದ್ದು ಇಷ್ಟೆ. ಮುಂದಿನ ಸೀಟಿನ ಹೆಂಗಸೊಬ್ಬಳು ಚಿಲ್ಲರೆ ಕೇಳಿದ್ದಳು. ಕಂಡಕ್ಟರ್ ಚೀಲ ಅಲ್ಲಾಡಿಸಿ ಒಂದೆರಡು ನಾಣ್ಯ ಕೊಟ್ಟು, "ಸದ್ಯಕ್ಕಿಷ್ಟು ಸಾಕು..." ಎಂದು ರಾಗ ಎಳೆದು ಸುಮ್ಮನಾಗಿದ್ದ. ಅದು ಹೊಸ ಸಿನಿಮಾದ ಮಾತು. ಮೊದಲರ್ಧ ಒಬ್ಬರು ಹೇಳಿ ಬಿಡುವುದು, ಉಳಿದರ್ಧವನ್ನು ಎದುರಿಗಿದ್ದವರು ಹಿಡಿಯುವುದು ಊರಿಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ಡ್ಯೂಟಿಯ ಮೇಲೆ ಎಂದೂ ನಗದ ಚೆಕಿಂಗ್‌ನವನಿಗೆ ಆ ಗಳಿಗೆಯಲ್ಲಿ ಏನನ್ನಿಸಿತೋ, "ಮಿಕ್ಕಿದ್ದು ಮೊಳೆ ನಿಂತ ಮೇಲೆ" ಎಂದುಬಿಟ್ಟಿದ್ದ.

"ಹದ್ದು ಸಿನಿಮಾನೇ ನೋಡಿಲ್ಲ ಕಣ್ರೋ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಹದ್ದು ಎನ್ನುವುದು ಕಂಡಕ್ಟರುಗಳು ಅವನಿಗೆ ಇಟ್ಟ ಹೆಸರು. ಬಸ್ಸು ಹತ್ತಿ ಒಂದು ಸಲ ಕಣ್ಣಾಡಿಸಿದರೆ ಸಾಕು, ಟಿಕೆಟ್ ಇಲ್ಲದವನು ಯಾರೆಂದು ಅವನಿಗೆ ಗೊತ್ತಾಗುತ್ತಿತ್ತು. ಅಂಥವರು ಮೊದಲು ಕಿಟಕಿಯಾಚೆ ನೋಡುತ್ತಾರೆ, ಆಮೇಲೆ ಜೇಬು ತಡಕುತ್ತಾರೆ. ಟಿಕೆಟ್ ಇದ್ದವರು ಮೊದಲು ಜೇಬಿಗೆ ಕೈ ಹಾಕುತ್ತಾರೆ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಇಳಿದ ಮೇಲೂ ಅವನ ಮುಖ ಬಿಗಿದೇ ಇತ್ತು. ಅವನ ಜೊತೆಗೆ ಯಾವಾಗಲೂ ಡ್ಯೂಟಿ ಮಾಡುವ ಇನ್ನೊಬ್ಬ ಚೆಕಿಂಗ್‌ನವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಮೀಸೆ ಗೂಡಂಗಡಿಯಲ್ಲಿ ಎರಡು ಚಹಾ ಹೇಳಿ, "ಎಲ್ಲಿಂದ ತಂದೆಯಪ್ಪ ಈ ಮೊಳೇನ?" ಎಂದ.

"ಮನೆಯಿಂದ. ಅವಳು ಹಾಗೇ ಅಂತಾಳೆ."

"ನಿಮ್ಮನೆಯವರು ನೋಡಿದ್ದಾರಾ ಸಿನಿಮಾ?"

"ಇಲ್ಲ," ಎಂದ ಅವನು. ಹಾಗೆ ಹೇಳಿದ ಮೇಲೆ ಅದು ತನಗೆ ನಿಜವಾಗಿ ಗೊತ್ತಿಲ್ಲ ಅನ್ನಿಸಿತು. "ಅದರಲ್ಲಿ ಅಂಥಾದ್ದೇನಿದೆ, ಊರಿಗೂರೇ ಹುಚ್ಚು ಹಿಡಿದವರ ಹಾಗೆ ಅದನ್ನೇ ಹೇಳ್ಕೊಂಡು ಓಡಾಡೋಕೆ?"

ಮೀಸೆ ಚಹಾದ ಲೋಟವನ್ನು ಎತ್ತಿ ಹಿಡಿದ. "ಅದರಲ್ಲಿ ಏನೂ ಇಲ್ಲ ಕಣಯ್ಯ. ಅದಕ್ಕೇ ಎಲ್ಲದಕ್ಕೂ ಹೊಂದುತ್ತೆ. ಊಟಕ್ಕೆ ಬಡಿಸೋವಾಗ ಹೇಳು, ಸರಿ. ಸಾಹೇಬರು ಕೆಲಸ ಕೇಳಿದಾಗ ಹೇಳು, ಸರಿ. ನನ್ನ ಹೆಂಡತಿ ಜಗಳದ ಮಧ್ಯೆ ಹೇಳ್ತಾಳೆ, ಇಬ್ಬರೂ ನಕ್ಕು ಜಗಳ ಅಲ್ಲಿಗೇ ಮುಗೀತದೆ. ಖಾಲಿ ಪಾತ್ರೆ. ಅವರವರು ಅವರವರದ್ದು ತುಂಬ್ಕೋತಾರೆ."

"ಎಲ್ಲರೂ ಒಂದೇ ಮಾತಾಡಿದರೆ, ಯಾರು ಏನನ್ನ ಮುಚ್ಚಿಡ್ತಿದ್ದಾರೆ ಅಂತ ಗೊತ್ತಾಗೋದು ಹೇಗೆ?"

ಮೀಸೆ ಅವನನ್ನು ವಿಚಿತ್ರವಾಗಿ ನೋಡಿ, "ನಿನಗೆ ಒಂದು ವಾರ ರಜೆ ಬೇಕು," ಎಂದ.

ಆದರೆ ಪ್ರಶ್ನೆ ಅವನನ್ನು ಬಿಡಲಿಲ್ಲ. ಹೆಂಡತಿಯ ಬಾಯಲ್ಲಿ ಆ ಮಾತು ಮೊದಲು ಬಂದದ್ದು ಯಾವಾಗ ಎಂದು ನೆನೆಸಿಕೊಂಡ. ಅವಳು ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್. ಒಂದು ಸಂಜೆ ಅವಳು ಬಹಳ ಖುಷಿಯಲ್ಲಿದ್ದಳು. ಏನು ವಿಶೇಷ ಎಂದು ಕೇಳಿದ್ದಕ್ಕೆ ಅಡುಗೆಮನೆಯಿಂದಲೇ, "ಸದ್ಯಕ್ಕಿಷ್ಟು ಸಾಕು, ಮಿಕ್ಕಿದ್ದು ಮೊಳೆ ನಿಂತ ಮೇಲೆ" ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಆಗ ಅದು ಉತ್ತರವಲ್ಲ, ಉತ್ತರ ತಪ್ಪಿಸಿಕೊಳ್ಳುವ ದಾರಿ ಎಂದು ಹೊಳೆದಿರಲಿಲ್ಲ.

ಬಸ್ಸಿನಲ್ಲಿ ನಗೆಗೀಡಾದ ದಿನ ಸಂಜೆ ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ. "ಆ ಸಿನಿಮಾ ಯಾವಾಗ ನೋಡಿದೆ?"

"ಯಾವ ಸಿನಿಮಾ?"

"ಮೊಳೆ."

"ಓ, ಅದಾ? ಎಲ್ಲರೂ ಅಂತಿರ್ತಾರಲ್ಲ. ಆಸ್ಪತ್ರೇಲಿ ಬಾಯಿ ತೆರೆದರೆ ಅದೇ."

"ಎಲ್ಲರೂ ಮಳೆ ಅಂತಾರೆ. ಮಳೆ ನಿಂತ ಮೇಲೆ. ನೀನೊಬ್ಬಳೇ ಮೊಳೆ ಅನ್ನೋದು."

ಅವಳ ಕೈಯ ಸೌಟು ಪಾತ್ರೆಯ ಅಂಚಿನಲ್ಲಿ ತಡೆಯಿತು. ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ, "ನನಗೆ ಹಾಗೆ ಕೇಳಿಸಿರಬೇಕು ಬಿಡಿ," ಎಂದು ಅವನ ತಟ್ಟೆಗೆ ಬಡಿಸಿದಳು.

ಅವಳ ಕಿವಿ ಎಂಥದ್ದೆಂದು ಅವನಿಗೆ ಗೊತ್ತಿತ್ತು. ಬಚ್ಚಲಲ್ಲಿದ್ದರೂ ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಅವಳಿಗೆ ಕೇಳಿಸುತ್ತಿತ್ತು.

ಮರುದಿನ ಡ್ಯೂಟಿ ಮುಗಿಸಿ ಅವನು ಒಬ್ಬನೇ ಆ ಸಿನಿಮಾಗೆ ಹೋದ. ಅದರಲ್ಲಿ ದೊಡ್ಡ ಮನೆಯೊಂದಕ್ಕೆ ಮುದಿ ಕಾವಲುಗಾರನಿದ್ದ. ಆ ಮನೆಯಲ್ಲಿ ಹಿಂದೆ ನಡೆದುಹೋದ ಅನ್ಯಾಯ ಅವನೊಬ್ಬನಿಗೇ ಗೊತ್ತು. ನಾಯಕ ಬಂದು ಕೇಳಿದಾಗಲೆಲ್ಲ ಜಡಿಮಳೆ. ಮುದುಕ ಸುತ್ತಿಗೆ ಹಿಡಿದು ಮುರಿದ ಕಿಟಕಿಗೆ ಹಲಗೆ ಬಡಿಯುತ್ತಿರುತ್ತಾನೆ. ಕಥೆಯ ಒಂದು ತುಂಡು ಹೇಳುತ್ತಾನೆ. ಕಥೆ ಕಾವೇರುವ ಹೊತ್ತಿಗೆ ಎದ್ದುಬಿಡುತ್ತಾನೆ. "ಸದ್ಯಕ್ಕಿಷ್ಟು ಸಾಕು..." ಎನ್ನುವಷ್ಟರಲ್ಲಿ ಜನವೇ ಕೂಗಿತು: "ಮಿಕ್ಕಿದ್ದು ಮಳೆ ನಿಂತ ಮೇಲೆ!" ಅಷ್ಟೂ ಬಾಯಿಗಳಲ್ಲಿ ಒಂದೂ ಮೊಳೆ ಎನ್ನಲಿಲ್ಲ. ಪ್ರತಿಸಲ ಜನ ನಕ್ಕರು. ಕೊನೆಯಲ್ಲಿ ಮುದುಕ ಹಾಸಿಗೆ ಹಿಡಿದಿದ್ದಾನೆ, ಹೊರಗೆ ಮಳೆ ನಿಂತು ಬಿಸಿಲು ಬಿದ್ದಿದೆ, ಆದರೂ ಅವನು ಅದೇ ಮಾತು ಹೇಳಿ ಕಣ್ಣು ಮುಚ್ಚುತ್ತಾನೆ. ಆಗ ಯಾರೂ ಕೂಗಲಿಲ್ಲ. ಪಕ್ಕದಲ್ಲಿ ಕೂತ ದಢೂತಿ ಗಂಡಸು ಮೂಗು ಒರೆಸಿಕೊಂಡ. ಚೆಕಿಂಗ್‌ನವನ ಕಣ್ಣು ತೇವವಾಗಲಿಲ್ಲ. ಅವನು ಇಡೀ ಸಿನಿಮಾವನ್ನು ಕಿವಿಯಿಂದಲೇ ನೋಡಿದ್ದ. ಮಳೆಯ ಸದ್ದು ಮತ್ತು ಸುತ್ತಿಗೆಯ ಸದ್ದಿನ ನಡುವೆ ಯಾರಿಗೋ ಅದು ಮೊಳೆ ಎಂದು ಕೇಳಿಸಿರಬಹುದು. ಆದರೆ ಆ ಯಾರೋ ತನ್ನ ಹೆಂಡತಿಯಲ್ಲ. ಅವಳ ಪಕ್ಕದ ಸೀಟಿನಲ್ಲಿ ಕೂತವನು.

ಅಲ್ಲಿಂದ ಅವನು ಮನೆಯನ್ನು ಬಸ್ಸಿನಂತೆ ನೋಡತೊಡಗಿದ. ಅಡುಗೆಮನೆಯಲ್ಲಿ ಒಂದು ಪುಟ್ಟ ಮರದ ಮಣೆ ಬಂದು ಸೇರಿತ್ತು. ಮೇಲಿನ ಕಪಾಟಿಗೆ ಕೈ ಎಟುಕದ ಅವಳು ಅದರ ಮೇಲೆ ನಿಲ್ಲುತ್ತಿದ್ದಳು. ಆಸ್ಪತ್ರೆಯಲ್ಲಿ ಬಿಸಾಡುತ್ತಿದ್ದರು, ತಂದೆ ಎಂದಿದ್ದಳು. ಅವಳಿಲ್ಲದಾಗ ಅದನ್ನು ತಿರುವಿ ನೋಡಿದ. ಹೊಸ ಮರ. ಕಾಲುಗಳ ಎತ್ತರ ಅವಳಿಗೆಂದೇ ಅಳೆದು ಮಾಡಿದಂತಿತ್ತು. ಅಂಚುಗಳನ್ನು ಯಾರೋ ಬಹಳ ಹೊತ್ತು ಕೂತು, ಕಾಲಿಗೆ ಚುಚ್ಚದಂತೆ ಉಜ್ಜಿ ನುಣುಪು ಮಾಡಿದ್ದರು. ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಅವನಿಗೆ ಬಂದ ಸಿಟ್ಟು ಒಂದು ಮಣೆಗೆ ತಕ್ಕದ್ದಾಗಿರಲಿಲ್ಲ. ಅದು ಯಾಕೆ ಅಷ್ಟು ಆಳದಿಂದ ಬಂತೆಂದು ಅವನಿಗೂ ತಿಳಿಯಲಿಲ್ಲ. ಮಣೆಯನ್ನು ಇದ್ದ ಜಾಗದಲ್ಲೇ ಇಟ್ಟ.

ಬುಧವಾರ ಮಧ್ಯಾಹ್ನ ಆಸ್ಪತ್ರೆಯ ಕನ್ನಡಕದ ಕೌಂಟರಿಗೆ ಫೋನು ಮಾಡಿದ. ಅಲ್ಲಿನ ಹೆಂಗಸು ಅವಳ ಗೆಳತಿ.

"ಅವಳಿದ್ದಾಳಾ? ಮನೆ ಬೀಗದ ಕೈ ಕೇಳಬೇಕಿತ್ತು."

"ಅಯ್ಯೋ, ಬುಧವಾರ ಅರ್ಧ ದಿನ ಅಲ್ವಾ ಅಣ್ಣ? ಆಗಲೇ ಹೋದಳಲ್ಲ. ಮನೆಗೆ ಬಂದಿಲ್ವಾ?"

"ಬರ್ತಿರಬೇಕು," ಎಂದು ಇಟ್ಟ.

ಅವಳು ಮನೆಗೆ ಬಂದದ್ದು ದಿನದ ಹಾಗೆ ಸಂಜೆಗೆ. "ಇವತ್ತು ಬಹಳ ಜನ," ಎಂದು ಚಪ್ಪಲಿ ಬಿಟ್ಟಳು. ಅವನು ಏನೂ ಕೇಳಲಿಲ್ಲ. ಕೇಳಿದರೆ ಜೇಬು ತಡಕಲು ಸಮಯ ಕೊಟ್ಟಂತೆ. ಹಿಡಿಯುವುದಾದರೆ ಬಸ್ಸು ಓಡುತ್ತಿರುವಾಗಲೇ ಹಿಡಿಯಬೇಕು. ರಾತ್ರಿ ಪಕ್ಕದಲ್ಲಿ ಮಲಗಿದ ಅವಳ ಉಸಿರನ್ನು ಕೇಳುತ್ತ ಅವನು ಒಂದೊಂದೇ ಮುಖವನ್ನು ಆ ಕತ್ತಲೆಯ ಸೀಟಿನಲ್ಲಿ ಕೂರಿಸಿ ನೋಡಿದ: ಡಾಕ್ಟರು, ಔಷಧಿ ತಂದುಕೊಡುವವನು, ಮೇಲಿನ ಮನೆಯವನು. ಅವಳನ್ನು ಬಿಟ್ಟರೆ ಅವನಿಗೆ ಬೇರೆ ಯಾರೂ ಇರಲಿಲ್ಲ. ಮದುವೆಗೂ ಅವನ ಕಡೆಯಿಂದ ಬಂದವನು ಮೀಸೆ ಒಬ್ಬನೇ.

ಮುಂದಿನ ಬುಧವಾರಕ್ಕೆ ಆಸ್ಪತ್ರೆ ರಸ್ತೆಯ ಡ್ಯೂಟಿಯನ್ನು ಬೇರೆಯವರಿಂದ ಬದಲಾಯಿಸಿಕೊಂಡ. "ಆ ಕಡೆ ಯಾಕಯ್ಯ? ಅಲ್ಲಿ ಹತ್ತೋರೆಲ್ಲ ಕಣ್ಣಿಗೆ ಪಟ್ಟಿ ಕಟ್ಕೊಂಡಿರ್ತಾರೆ, ಹಿಡಿದರೆ ಪಾಪ ಸುತ್ಕೊಳ್ಳುತ್ತೆ," ಎಂದ ಮೀಸೆ.

ಆಸ್ಪತ್ರೆಯಿಂದ ಎರಡನೇ ಸ್ಟಾಪಿನಲ್ಲಿ, ಮುಚ್ಚಿದ ಅಂಗಡಿಯೊಂದರ ನೆರಳಲ್ಲಿ ಇಬ್ಬರೂ ಕಾದು ನಿಂತರು. ಬಂದ ಒಂದೊಂದು ಬಸ್ಸಿನ ಕಿಟಕಿಗಳನ್ನೂ ಅವನು ಕೆಳಗಿನಿಂದಲೇ ಓದಿದ. ಕೊನೆಗೆ ಅವಳು ಕಂಡಳು. ಕಿಟಕಿಯ ಪಕ್ಕ ಕಪ್ಪು ಕನ್ನಡಕದ ಗಂಡಸು. ಟೋಪಿ ಹುಬ್ಬಿನ ತನಕ ಇಳಿದಿತ್ತು. ಅವಳು ಅವನ ಭುಜಕ್ಕೆ ಭುಜ ತಾಗಿಸಿ, ಅವನ ಕಿವಿಗೆ ಬಾಯಿ ಇಟ್ಟು ಏನೋ ಹೇಳುತ್ತಿದ್ದಳು. ಹೇಳಿ ಮುಗಿಸಿ ನಕ್ಕಳು. ಆ ನಗುವನ್ನು ಅವನು ಮನೆಯಲ್ಲಿ ನೋಡಿ ಬಹಳ ದಿನವಾಗಿತ್ತು.

"ನೀನು ಹಿಂದಿನಿಂದ ಬಾ," ಎಂದು ಮೀಸೆಗೆ ಹೇಳಿ ಅವನು ಮುಂದಿನ ಬಾಗಿಲಿನಿಂದ ಹತ್ತಿದ. ಬಸ್ಸು ಹೊರಟಿತು. ಮೊದಲ ಸೀಟಿನವರ ಟಿಕೆಟ್ ನೋಡಿದ, ಗೀಟು ಹಾಕಿದ. ಎರಡನೆಯ ಸೀಟು. ಆಮೇಲೆ ಅವಳ ಮುಂದೆ ಬಂದು ನಿಂತು, ಬೇರೆ ಯಾರಿಗೋ ಕೇಳುವ ದನಿಯಲ್ಲಿ, "ಟಿಕೆಟ್," ಎಂದ.

ಅವಳು ತಲೆ ಎತ್ತಿದಳು. ಮುಖದ ಬಣ್ಣ ಇಳಿಯಿತು. ಆದರೆ ಕಿಟಕಿಯಾಚೆ ನೋಡಲಿಲ್ಲ. ಅವನ ಕಣ್ಣನ್ನೇ ನೋಡುತ್ತ, ಮುಷ್ಟಿಯಲ್ಲಿದ್ದ ಎರಡು ಟಿಕೆಟ್ಟುಗಳನ್ನು ಮುಂದೆ ಹಿಡಿದಳು.

"ಎರಡಿದೆ."

"ಇನ್ನೊಂದು ಅವರದ್ದು."

"ಯಾರಮ್ಮಾ ಅದು?" ಎಂದು ಕಿಟಕಿಯ ಪಕ್ಕದವನು ಕೇಳಿದ. ಕಿವಿ ಕೇಳದವರ ಏರುದನಿ; ಬಸ್ಸಿಗೆಲ್ಲ ಕೇಳಿಸಿತು.

"ಚೆಕಿಂಗ್, ಮಾವ."

"ಹಾಂ?"

"ಟಿಕೆಟ್ ಚೆಕಿಂಗ್!"

ಮುದುಕ ನಿಧಾನವಾಗಿ ಟೋಪಿ ಹಿಂದಕ್ಕೆ ಸರಿಸಿ, ಕಪ್ಪು ಕನ್ನಡಕ ತೆಗೆದ. ಒಂದು ಕಣ್ಣು ಇನ್ನೂ ಕೆಂಪಗಿತ್ತು. ಆ ಕಣ್ಣನ್ನು ಕಿರಿದು ಮಾಡಿ ಎದುರಿಗೆ ನಿಂತ ಸಮವಸ್ತ್ರವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದ. ಬೂಟು, ಗುಂಡಿಗಳು, ಕೊರಳಪಟ್ಟಿ, ಗಲ್ಲ. ಮುಖಕ್ಕೆ ಬಂದು ನಿಂತ. ಉಗುರಿನ ಸಂದಿಯಲ್ಲಿ ಮರದ ಪುಡಿ ಕೂತ ಬೆರಳುಗಳು ಮುಂದಿನ ಸೀಟಿನ ಸರಳನ್ನು ಹಿಡಿದುಕೊಂಡವು.

"ನಿನ್ನ ಕೂದಲು ನೆರೆತಿದೆಯಲ್ಲೋ," ಎಂದ ಮುದುಕ.

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಬಡಗಿಯಾಗಿದ್ದ ಈ ಅಪ್ಪನ ಮನೆಯಿಂದ ಚೆಕಿಂಗ್‌ನವನು ಹೊರಬಿದ್ದಾಗ ಅವನಿಗೆ ಸರಿಯಾಗಿ ಮೀಸೆ ಮೂಡಿರಲಿಲ್ಲ. ಅಮ್ಮ ತೀರಿಕೊಂಡು ವರ್ಷ ತುಂಬಿರಲಿಲ್ಲ. ಬಾಗಿಲಲ್ಲಿ ಅಮ್ಮನ ಚಪ್ಪಲಿ ಇನ್ನೂ ಹಾಗೇ ಇದ್ದಾಗ ಅದರ ಪಕ್ಕ ಬೇರೊಬ್ಬಳ ಚಪ್ಪಲಿ ಬಂದಿತ್ತು. ಅದನ್ನು ನೋಡಿ, ಒಳಗೂ ಹೋಗದೆ ಹಾಗೇ ಹೊರಟವನು ಅವನು. ಅದೇ ಊರಿನ ಇನ್ನೊಂದು ತುದಿಯಲ್ಲಿ ಬದುಕಿಕೊಂಡು, ಆ ಕಡೆಯ ರಸ್ತೆಯ ಡ್ಯೂಟಿಯನ್ನು ಈ ಬುಧವಾರದ ತನಕ ಒಂದು ದಿನವೂ ಕೇಳಿರಲಿಲ್ಲ.

"ಏನಾದ್ರೂ ಸಿಕ್ತಾ?" ಎಂದು ಹಿಂದಿನಿಂದ ಮೀಸೆ ಕೂಗಿದ.

ಚೆಕಿಂಗ್‌ನವನು ಎರಡೂ ಟಿಕೆಟ್ಟುಗಳ ಮೇಲೆ ಗೀಟು ಹಾಕಿ ಹೆಂಡತಿಯ ಕೈಗೆ ಕೊಟ್ಟ. "ಇಲ್ಲ. ಎಲ್ಲ ಸರಿ ಇದೆ," ಎಂದ. ಮುಂದಿನ ಸ್ಟಾಪಿನಲ್ಲಿ ಅವನು ಇಳಿದುಬಿಟ್ಟ. ಹಿಂದಿನ ಸೀಟುಗಳನ್ನು ನೋಡಲೂ ಇಲ್ಲ. ಓಡುತ್ತ ಇಳಿದು ಬಂದ ಮೀಸೆ ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿದ.

ಅವಳು ಸಂಜೆ ಮನೆಗೆ ಬಂದಾಗ ಅವನು ಸಮವಸ್ತ್ರ ಬಿಚ್ಚದೆ ಕೂತಿದ್ದ.

"ಎಷ್ಟು ದಿನದಿಂದ ನಡೀತಿದೆ ಇದು?"

"ಪೊರೆ ತೆಗೆಸೋಕೆ ಬಂದಾಗಿನಿಂದ." ಅವಳು ಗೋಡೆಗೆ ಒರಗಿ ನಿಂತಳು. "ಹನಿ ಹಾಕೋಣ ಅಂತ ತಲೆ ಹಿಂದಕ್ಕೆ ಬಾಗಿಸಿದೆ. ನಿಮ್ಮದೇ ಹುಬ್ಬು. ಹೆಸರು ಕೇಳೋ ಮೊದಲೇ ಗೊತ್ತಾಯ್ತು."

"ನನಗೆ ಹೇಳಬಹುದಿತ್ತು."

"ಹೊಸದರಲ್ಲಿ ಒಂದು ಸಲ ನಿಮ್ಮ ಅಪ್ಪನ ವಿಷಯ ಎತ್ತಿದ್ದೆ. ನೀವು ತಟ್ಟೆ ಬಿಟ್ಟು ಎದ್ದು ಹೋದಿರಿ. ಮತ್ತೆ ಎತ್ತೋ ಧೈರ್ಯ ಬರಲಿಲ್ಲ." ಕೈಚೀಲ ಕೆಳಗಿಟ್ಟು ಮುಂದುವರಿಸಿದಳು. "ಪಟ್ಟಿ ಬಿಚ್ಚಿದ ಮೇಲೆ ಮೊದಲು ಏನು ನೋಡ್ತೀರಿ ಮಾವ ಅಂತ ತಮಾಷೆಗೆ ಕೇಳಿದೆ. ಸಿನಿಮಾ ಅಂದರು. ಅತ್ತೆಗೆ ಕತ್ತಲಲ್ಲಿ ಮೆಟ್ಟಿಲು ಹತ್ತೋಕಾಗಲ್ಲ. ನಾನೇ ಕರ್ಕೊಂಡು ಹೋದೆ."

ಅಮ್ಮನ ಜಾಗಕ್ಕೆ ಬಂದವಳನ್ನು ಅವಳು ಅತ್ತೆ ಎಂದದ್ದಕ್ಕೆ ಅವನ ದವಡೆ ಬಿಗಿಯಿತು.

"ಮರ ಕೊಯ್ಯೋ ಮೆಷಿನ್ನಿನ ಪಕ್ಕ ನಿಂತೂ ನಿಂತೂ ಕಿವಿ ಅರ್ಧ ಹೋಗಿದೆ. ಸಿನಿಮಾ ಬಿಟ್ಟ ಮೇಲೆ ಬೀದೀಲಿ ನಿಂತು ಮೊಳೆ, ಮೊಳೆ ಅಂತ ಕೂಗಿ ಹೇಳಿದರು. ಅದು ಮಳೆ ಮಾವ ಅಂದೆ. ಒಪ್ಪಲೇ ಇಲ್ಲ. ಕಿಟಕಿ ರಿಪೇರಿ ಮಾಡೋನು ಮಳೆ ನಿಲ್ಲೋ ತನಕ ಕಾದರೆ ಕಿಟಕಿ ಯಾಕೆ ರಿಪೇರಿ ಮಾಡಬೇಕು? ಮೊದಲು ಮೊಳೆ ನಿಲ್ಲಬೇಕು, ಮಿಕ್ಕಿದ್ದು ಆಮೇಲೆ ಅಂದರು. ನನಗೂ ಹಾಗೇ ಬಾಯಿಗೆ ಕೂತುಬಿಡ್ತು."

ಅವನಿಗೆ ನಗು ಬರುವಂತಾಯಿತು. ಅಪ್ಪ ವಾದಕ್ಕೆ ನಿಂತರೆ ಹೇಗಿರುತ್ತಾನೆಂದು ಅವನಿಗೆ ಗೊತ್ತಿತ್ತು. ಆದರೆ ಅವಳು ನಗುತ್ತಿರಲಿಲ್ಲ.

"ಈಗ ನೀವು ಹೇಳಿ," ಎಂದಳು. "ಇವತ್ತು ನಿಮಗೆ ಆ ಕಡೆ ಡ್ಯೂಟಿ ಇರಲಿಲ್ಲ. ಹೋದ ವಾರ ಬೀಗದ ಕೈ ಕೇಳೋಕೆ ಫೋನ್ ಮಾಡಿದ್ರಂತೆ. ನಿಮ್ಮ ಬೀಗದ ಕೈ ನಿಮ್ಮ ಜೇಬಲ್ಲೇ ಇರುತ್ತೆ. ಆ ಕಿಟಕಿ ಪಕ್ಕ ಯಾರು ಕೂತಿರ್ತಾರೆ ಅಂದ್ಕೊಂಡು ನೀವು ಬಸ್ಸು ಹತ್ತಿದ್ರಿ?"

ಅವನು ನೆಲ ನೋಡಿದ.

"ಹೇಳಿ ರೀ. ನಾನು ಬಚ್ಚಿಟ್ಟಿದ್ದು ನಿಮ್ಮ ಅಪ್ಪನ್ನ. ನೀವು ಹುಡುಕಿದ್ದು ಯಾರನ್ನ?"

ಊರಿನ ಬಾಯಲ್ಲಿರುವ ಯಾವ ಮಾತೂ ಆ ಜಾಗಕ್ಕೆ ಹೊಂದುತ್ತಿರಲಿಲ್ಲ. ಅವಳು ಗೋಡೆ ಬಿಟ್ಟು ಸರಿದಳು. ಆಮೇಲೆ, "ಮಾವ ಹೇಳಿದ್ದರು," ಎಂದಳು, "ನೀವು ಆಗಲೂ ಕೇಳಲಿಲ್ಲವಂತೆ. ಚಪ್ಪಲಿ ನೋಡಿ ಹೊರಟುಬಿಟ್ರಂತೆ." ಹೇಳಿ ಒಳಗೆ ಹೋದಳು.

ಆ ವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ನೀರು ಕಾದಿದೆ. ಹಾಲಿನವನು ಬಂದಿಲ್ಲ. ಅವಳು ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು. ಆದರೆ ಅವನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬಸ್ಸುಗಳಲ್ಲಿ ಅವನ ಕಣ್ಣು ಮಂಕಾಯಿತು. ಕಿಟಕಿಯಾಚೆ ನೋಡುವವರನ್ನು ಕಂಡರೆ, ಹೊರಗೆ ಇವರಿಗೆ ನಿಜವಾಗಿಯೂ ಏನಾದರೂ ಕಾಣುತ್ತಿರಬಹುದು ಎಂದು ಬಗ್ಗಿ ತಾನೂ ನೋಡುವಂತಾಯಿತು. "ಹದ್ದಿಗೆ ವಯಸ್ಸಾಯ್ತು," ಎಂದ ಒಬ್ಬ ಕಂಡಕ್ಟರ್, ಅವನಿಗೆ ಕೇಳಿಸುವ ಹಾಗೆಯೇ. ಮೀಸೆ ಆ ಕಂಡಕ್ಟರನ್ನು ಗದರಿದ.

ಬುಧವಾರ ಅವನು ರಜೆ ಹಾಕಿದ. ಸಮವಸ್ತ್ರವಿಲ್ಲದೆ, ಒಗೆದ ಅಂಗಿ ತೊಟ್ಟು, ಆಸ್ಪತ್ರೆಯ ಎದುರಿನ ಸ್ಟಾಪಿನಲ್ಲಿ ನಿಂತ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡವರು ಮಕ್ಕಳ ಕೈ ಹಿಡಿದು, ಹೆಂಡಿರ ಕೈ ಹಿಡಿದು ಗೇಟಿನಿಂದ ಬರುತ್ತಿದ್ದರು. ಅವರ ಹಿಂದೆ ಅವಳು ಬಂದಳು. ಅವನನ್ನು ನೋಡಿ ನಡಿಗೆ ನಿಧಾನವಾಯಿತು, ನಿಲ್ಲಲಿಲ್ಲ.

"ಡ್ಯೂಟಿ ಇಲ್ವಾ?"

"ರಜೆ ಹಾಕಿದೆ."

"ಯಾಕೆ?"

"ನಾನೂ ಬರ್ತೀನಿ."

"ಎಲ್ಲಿಗೆ?"

ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. "ಅಪ್ಪನ ಹತ್ರ," ಎಂದ. ಆ ಪದ ನಾಲಿಗೆಗೆ ಒಗ್ಗದ ಔಷಧಿಯಂತಿತ್ತು.

"ಅಲ್ಲಿ ಅತ್ತೆನೂ ಇರ್ತಾರೆ."

"ಇರಲಿ."

"ಅವರನ್ನ ಏನಂತ ಕರೀತೀರಿ?"

ಅದು ಅವನಿಗೆ ತಿಳಿದಿರಲಿಲ್ಲ. "ಗೊತ್ತಿಲ್ಲ," ಎಂದ. "ಅವರನ್ನೇ ಕೇಳ್ತೀನಿ."

ಆ ವಾರದಲ್ಲಿ ಮೊದಲ ಸಲ ಅವಳು ಅವನ ಮುಖವನ್ನು ನೋಡಿದಳು. ಅಷ್ಟರಲ್ಲಿ ಬಸ್ಸು ಬಂತು. ಅವಳು ಮುಂದೆ ಹತ್ತಿದಳು, ಅವನು ಅವಳ ಹಿಂದೆ. ಮಧ್ಯಾಹ್ನದ ಬಸ್ಸು, ಅರ್ಧ ಖಾಲಿ. ಅವಳು ಎರಡು ಸೀಟಿನ ಸಾಲೊಂದರಲ್ಲಿ ಕೂತು, ಕೈಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಅವನು ಅಲ್ಲೇ ಮೇಲಿನ ಕಂಬಿ ಹಿಡಿದು ನಿಂತ. ಸಾಲು ಸಾಲು ಸೀಟು ಖಾಲಿ ಇದ್ದರೂ ನಿಂತ ಆ ಗಂಡಸನ್ನು ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಬಸ್ಸು ಸೇತುವೆ ದಾಟಿತು, ಕಾರ್ಖಾನೆಯ ಗೋಡೆ ದಾಟಿತು. ತಿರುವಿನಲ್ಲಿ ಒಮ್ಮೆ ಜೋಲಿ ಹೊಡೆದು ಅವನ ಮೊಣಕೈ ಅವಳ ಭುಜಕ್ಕೆ ತಾಗಿತು.

ಅಪ್ಪನ ಮನೆಯಿದ್ದ ಮರದ ಮಂಡಿಗಳ ಬೀದಿ ಹತ್ತಿರವಾಗುತ್ತಿದ್ದಂತೆ, ಡ್ರೈವರನ ಬೆನ್ನಿನ ಮೇಲಿಂದ ದೃಷ್ಟಿ ತೆಗೆಯದೆಯೇ, ಅವಳು ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಖಾಲಿಯಾದ ಸೀಟಿನ ಮೇಲೆ ಬಿಸಿಲಿನ ಒಂದು ಚೌಕ ಬಿದ್ದು, ಬಸ್ಸಿನ ಜೊತೆಗೇ ಅಲುಗಾಡುತ್ತಿತ್ತು.